ಉತ್ತರ ಗೋಡೆಯ ಕಲ್ಲು

ಕಲ್ಲಿನ ಆರು ತುಂಡುಗಳಲ್ಲಿ ನಾಲ್ಕು ಒಂದು ಮಾತು ಹೇಳುತ್ತಿದ್ದವು, ಎರಡು ಇನ್ನೊಂದು. ಇನಾಮದಾರ ಸರ್ ನಾಲ್ಕನ್ನು ನಂಬಿದರು. ಸಪನಾಳಿಗೆ ಆ ನಾಲ್ಕರ ಮೇಲೆಯೇ ಸಂಶಯ.

ಸಪನಾ ನಿಪ್ಪಾಣಿ ತಾಲ್ಲೂಕಿನ ಭೋಜದವಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. 2014ರಲ್ಲಿ ಅವಳು ಮಹಾರಾಷ್ಟ್ರದ ಒಂದು ವಿಶ್ವವಿದ್ಯಾಲಯದಲ್ಲಿ ಇನಾಮದಾರ ಸರ್ ಕೈಕೆಳಗೆ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದಳು. ಆ ಸೀಮೆಯ ಕರಿಕಲ್ಲೆಲ್ಲ ಒಂದು ಕಾಲಕ್ಕೆ ಹರಿದುಬಂದ ಲಾವಾ. ಅದು ಆರುವಾಗ ಒಳಗಿನ ಕಬ್ಬಿಣದ ಸಣ್ಣ ಕಣಗಳು ಆಗಿನ ಉತ್ತರದ ಕಡೆ ತಿರುಗಿ ಹಾಗೇ ಗಟ್ಟಿಯಾಗಿಬಿಡುತ್ತವೆ. ಆದರೆ ಭೂಮಿಯ ಕಾಂತಬಲ ಒಂದೇ ಕಡೆ ನಿಂತದ್ದಲ್ಲ. ಎಷ್ಟೋ ಸಲ ಅದು ತಿರುಗಿಬಿದ್ದಿದೆ. ಆ ಕಾಲದಲ್ಲಿ ದಿಕ್ಸೂಚಿ ಇದ್ದಿದ್ದರೆ ಅದರ ಮುಳ್ಳು ದಕ್ಷಿಣ ತೋರಿಸುತ್ತಿತ್ತು. ಹೀಗೆ ತಿರುಗಿದ್ದು ಯಾವಾಗ ಎಂದು ಕಲ್ಲಿನಿಂದಲೇ ಲೆಕ್ಕ ಹಾಕಿದರೆ ಎರಡು ಮೂರು ಲಕ್ಷ ವರ್ಷ ಆಚೀಚೆ ಆಗುತ್ತಿತ್ತು. ಅದನ್ನು ಮೂವತ್ತು ನಲವತ್ತು ಸಾವಿರಕ್ಕೆ ಇಳಿಸುವುದು ಅವರ ಕೆಲಸ.

ಅದಕ್ಕೆ ಒಂದು ಲಾವಾದ ಹಾಸಿಗೂ ಮೇಲಿನ ಹಾಸಿಗೂ ನಡುವೆ ಸಿಕ್ಕಿಕೊಂಡ ಕೆಂಪು ಮಣ್ಣಿನ ಪದರು ಬೇಕು. ಆ ಮಣ್ಣಿನಲ್ಲಿ ಹಳೆಯ ಬೂದಿಯ ಜೊತೆ ಬಂದು ಬಿದ್ದ ಜಿರ್ಕಾನ್ ಹರಳುಗಳಿರುತ್ತವೆ, ಉಪ್ಪಿನ ಹರಳಿಗಿಂತ ಸಣ್ಣವು. ಅವುಗಳ ಒಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಪದರಿನ ಕೆಳಗಿನ ಕಲ್ಲು ‘ದಕ್ಷಿಣ’ ಅಂದು, ಮೇಲಿನ ಕಲ್ಲು ‘ಉತ್ತರ’ ಅಂದರೆ ಆ ಮಣ್ಣಿನ ವಯಸ್ಸೇ ಕಾಂತಬಲ ತಿರುಗಿದ ಕಾಲ. ಅಂಥ ಜಾಗಕ್ಕಾಗಿ ಹುಡುಕಿ ಹುಡುಕಿ ಸೋತವರಿದ್ದಾರೆ. ಅದು ಚಿಕ್ಕೋಡಿ ಹತ್ತಿರದ ಒಂದು ಹೊಲದ ಬಾವಿಯಲ್ಲಿ ಸಿಕ್ಕಿತು ಎಂದು ಇನಾಮದಾರ ಸರ್ ಅಂದುಕೊಂಡಿದ್ದರು.

ಬಾವಿ ರಾವಸಾಹೇಬರದು. ಜೈನ ಮನೆತನ, ಹಿಂದಿನಿಂದಲೂ ಒಕ್ಕಲುತನ. ಫೆಬ್ರುವರಿಯಲ್ಲಿ ಸಪನಾ ಮತ್ತು ಅವಳ ಜೊತೆ ಓದುವ ನಿಲೇಶ ಡ್ರಿಲ್ ಮಶೀನು ಹೊತ್ತುಕೊಂಡು ಹೋದಾಗ ಅವರು ಬಾವಿಯ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು.

“ಇದು ಯಾವ ಸರ್ವೆರೀ? ರೋಡಿಂದೊ, ಕೆನಾಲಿಂದೊ?”

“ಎರಡೂ ಅಲ್ರಿ ಕಾಕಾ. ಕಲ್ಲಿನ ವಯಸ್ಸ ನೋಡಾಕ ಬಂದೇವಿ.”

“ಕಲ್ಲಿನ ವಯಸ್ಸ ತಗೊಂಡ ಏನ ಮಾಡ್ತೀರಿ?”

ಸಪನಾ ತಿಳಿಸಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. “ಹಂಗಂದ್ರ ಒಳಗ ಏನೋ ಐತಿ. ನಮಗ ಹೇಳವಲ್ರಿ, ಅಷ್ಟ,” ಎಂದರು. ಆಮೇಲೆ, “ನಿಮ್ಮ ಅಡ್ಡಹೆಸರ ಏನಂದ್ರಿ?”

“ಕಾಂಬಳೆರಿ.”

ಆ ಸೀಮೆಯಲ್ಲಿ ಆ ಹೆಸರು ಕೇಳಿದರೆ ದಲಿತರು ಎಂದು ಗೊತ್ತಾಗುತ್ತದೆ. ರಾವಸಾಹೇಬರು ದಂಡೆಯಿಂದ ಪಕ್ಕಕ್ಕೆ ಸರಿದರು. “ಇಳೀರಿ. ನೀರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಪಂಪಿನ ವಾಯರ ಬಿದ್ದೈತಿ.”

ಅದು ವಾಯರಿನ ಕಾಳಜಿಯೋ ಅಡ್ಡಹೆಸರಿನದೋ ಸಪನಾಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಮೂವತ್ತು ಅಡಿ ಕೆಳಗೆ ಕೆಂಪು ಪದರು ಸುತ್ತಲೂ ಪಟ್ಟಿ ಕಟ್ಟಿದ ಹಾಗೆ ಹೋಗಿತ್ತು. ಅದರ ಕೆಳಗೆ ಐದು ತುಂಡು ಕೊರೆದರು. ಮೇಲೆ, ದಕ್ಷಿಣದ ಮೆಟ್ಟಿಲ ಬದಿಗೆ ಎರಡು. ಉತ್ತರದ ಗೋಡೆಗೆ ಒಂದು ಅಗಲವಾದ ಅಂಚು ಇತ್ತು, ಆರಾಮಾಗಿ ನಿಲ್ಲಬಹುದಿತ್ತು, ಅಲ್ಲಿ ನಾಲ್ಕು. ಪ್ರತಿ ತುಂಡಿನ ಮೇಲೂ ಮೇಲ್ಮುಖ ಯಾವುದು, ದಿಕ್ಕು ಯಾವುದು ಎಂದು ಗೆರೆ ಹಾಕಿ ಬರೆದುಕೊಂಡರು. ಎರಡು ಚೀಲ ಕೆಂಪು ಮಣ್ಣು ತುಂಬಿಕೊಂಡಾಗ ರಾವಸಾಹೇಬರು ಚೀಲದ ಬಾಯಿ ಬಿಚ್ಚಿಸಿ, ಕೈಹಾಕಿ ತಿಕ್ಕಿ ನೋಡಿಯೇ ಕಳಿಸಿದರು.

ಏಪ್ರಿಲ್‌ನಲ್ಲಿ ಅಳತೆ ಬಂತು. ಕೆಳಗಿನ ಐದೂ ದಕ್ಷಿಣ. ಮೇಲೆ ಉತ್ತರ ಗೋಡೆಯ ನಾಲ್ಕೂ ಉತ್ತರ. ಮೆಟ್ಟಿಲ ಬದಿಯ ಎರಡು ಮಾತ್ರ ದಕ್ಷಿಣ.

“ಆ ಎರಡರ ಗುರುತು ತಪ್ಪೇತಿ,” ಎಂದರು ಇನಾಮದಾರ ಸರ್. “ನಿಲೇಶ ಗೆರೆ ತಲೆಕೆಳಗ ಹಾಕಿರಬೇಕು. ತೆಗೆದುಹಾಕು.”

ನಿಲೇಶ ತಾನು ತಪ್ಪಿಲ್ಲ ಎಂದ. ಸರ್ ನಂಬಲಿಲ್ಲ. ಸಪನಾಳೇ ತನ್ನ ತಪ್ಪನ್ನು ಅವನ ಮೇಲೆ ಹಾಕಿದ್ದಾಳೆ ಎಂದು ನಿಲೇಶನಿಗೆ ಅನಿಸಿತು. ಎರಡು ದಿನ ಅವನು ಅವಳ ಜೊತೆ ಚಹಾ ಕುಡಿಯಲಿಲ್ಲ. ಅಷ್ಟರಲ್ಲಿ ಮಣ್ಣು ಹೊರದೇಶದ ಪ್ರಯೋಗಾಲಯಕ್ಕೆ ಹೋಗಿ ಆಗಿತ್ತು. ಹೈದರಾಬಾದಿನ ಸಮ್ಮೇಳನಕ್ಕೆ ಸಾರಾಂಶವೂ ಹೋಗಿತ್ತು. ಕಾಂತಬಲ ತಿರುಗಿದ ಗಳಿಗೆ ಸಿಕ್ಕಿದೆ ಎಂದೇ ಅದರಲ್ಲಿ ಬರೆದಿತ್ತು.

ಸಪನಾ ತನ್ನ ಪುಸ್ತಕ ತೆಗೆದು ಕೊರೆದ ದಿನ ದಿಕ್ಕಿಗಾಗಿ ಬರೆದುಕೊಂಡ ಸೂರ್ಯನ ನೆರಳಿನ ಅಳತೆಯನ್ನೆಲ್ಲ ಮತ್ತೆ ಲೆಕ್ಕ ಹಾಕಿದಳು. ನಿಲೇಶನ ಗೆರೆ ಸರಿ ಇತ್ತು. ಹಾಗಾದರೆ ತಪ್ಪಿದ್ದು ಯಾವುದು? ಬಾವಿಯ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತ ಕುಳಿತಳು. ಲಾವಾ ಬಿಸಿಯಿದ್ದಾಗ ಒಳಗಿನ ಗಾಳಿ ಮೇಲಕ್ಕೆ ಏರುತ್ತದೆ, ಆದ್ದರಿಂದ ಗುಳ್ಳೆಯ ತೂತುಗಳು ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ. ಬಾವಿಯ ಸುತ್ತಲೂ ಹಾಗೇ ಇತ್ತು. ಉತ್ತರದ ಅಂಚಿನ ಮೇಲಿನ ಒಂದು ಕಲ್ಲಿನಲ್ಲಿ ಮಾತ್ರ ತೂತುಗಳೆಲ್ಲ ಕೆಳಗಿದ್ದವು, ಮೇಲ್ಗಡೆ ನುಣ್ಣಗಿತ್ತು. ನಾಲ್ಕೂ ತುಂಡು ಕೊರೆದದ್ದು ಅದೇ ಕಲ್ಲಿನಲ್ಲಿ.

ತಲೆಕೆಳಗಾಗಿದ್ದದ್ದು ಕಲ್ಲು. ಆದರೆ ಗೋಡೆಯೊಳಗಿನ ಕಲ್ಲು ತಾನಾಗಿ ಹೇಗೆ ಹೊರಳೀತು?

ಮೇ ತಿಂಗಳಲ್ಲಿ ಅವಳು ಒಬ್ಬಳೇ ಚಿಕ್ಕೋಡಿಗೆ ಹೋದಳು. ರಾವಸಾಹೇಬರು ಪಡಸಾಲೆಯಲ್ಲಿ ಕೂತಿದ್ದರು.

“ಕಾಕಾ, ಬಾಂವಿಯ ಉತ್ತರದ ಗ್ವಾಡಿ ಯಾವಾಗರ ಕುಸದಿತ್ತೇನ್ರಿ?”

“ಯಾರ ಹೇಳಿದ್ರು ನಿಮಗ?”

“ಯಾರೂ ಹೇಳಿಲ್ರಿ. ಕಲ್ಲ ನೋಡಿದ್ರ ಹಂಗ ಅನಸತೈತಿ.”

“ಕುಸದಿಲ್ಲ. ನಮ್ಮ ಅಪ್ಪಾಜಿ ಧನಪಾಲ ಅವ್ರ ನಿಂತ ತೋಡಿಸಿದ ಬಾಂವಿ. ಒಂದ ಕಲ್ಲ ಅಳ್ಳಾಡಿಲ್ಲ.” ಅವರು ಎದ್ದು ನಿಂತರು. “ಮತ್ತ ಇಳಿಯೂದ ಬ್ಯಾಡ. ಆಗ ಮಣ್ಣ ಒಯ್ದ್ರಿ, ಈಗ ಗ್ವಾಡಿ ಅಂತೀರಿ. ನಾಳಿಗೆ ಏನಂತೀರೋ.”

ಕುಸಿದಿತ್ತೇ ಎಂದರೆ ಹೌದು ಇಲ್ಲ ಅನ್ನದೆ ಯಾರು ಹೇಳಿದರು ಅನ್ನುವವನ ಹತ್ತಿರ ಏನೋ ಇರುತ್ತದೆ. ಸಪನಾ ಹಾಗೆ ಯೋಚಿಸುತ್ತ ಬಾಗಿಲು ದಾಟಿದಳು. ರಾವಸಾಹೇಬರ ಹೆಂಡತಿ ಸುಗಂಧಾ ಬಿಸಿಲಿಗೆ ಮಜ್ಜಿಗೆ ಕೊಡುವ ನೆವದಲ್ಲಿ ಹಿಂದೆಯೇ ಬಂದಳು.

“ಅದನ್ನ ತೋಡಿದಾಂವ ಮುರಗೆಪ್ಪ ಅಂತ. ರಾಯಬಾಗದಾಗ ಅದಾನ, ಸ್ಟೇಶನ್ ಹಂತ್ಯಾಕ,” ಎಂದಳು ಮೆಲ್ಲಗೆ. “ನಾ ಹೇಳೀನಂತ ಹೇಳಬ್ಯಾಡ್ರಿ.”

“ನೀವ್ಯಾಕ ಹೇಳಾಕತ್ತೀರಿ?”

“ನಾ ಈ ಮನಿಗೆ ಬಂದ ಮ್ಯಾಲ ಮಾವನವರು ಇಪ್ಪತ್ತ ವರ್ಷ ಬದುಕಿದ್ರು. ಒಂದ ದಿನಾನೂ ಆ ಬಾಂವಿ ನೀರ ಕುಡೀಲಿಲ್ಲ. ಯಾಕಂತ ಇವರಿಗೆ ಕೇಳಿದ್ರ ಸಿಟ್ಟಿಗೇಳತಾರ.”

ಮುರಗೆಪ್ಪನಿಗೆ ಎಪ್ಪತ್ತು ದಾಟಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಸಪನಾಳ ಚೀಲ, ಬೂಟು, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ ಎಲ್ಲವನ್ನೂ ನೋಡಿ, “ನೀ ಪೊಲೀಸರ ಪೈಕಿ ಏನವ್ವಾ?” ಎಂದ.

“ಅಲ್ಲ ಅಜ್ಜಾ. ಕಾಲೇಜಿನಾಕಿ.”

“ಕಾಲೇಜಿನಾಕಿಗೆ ಬಾಂವಿದೇನ ಕೆಲಸ?”

ಅವಳು ಫೋಟೋ ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಅಂಚಿನ ಮೇಲಿನ ಕಲ್ಲಿನಲ್ಲಿ ನಾಲ್ಕು ದುಂಡನೆಯ ತೂತು ಕಾಣುತ್ತಿದ್ದವು.

“ಈ ಕಲ್ಲಿಗೆ ಮಶೀನ ಹಚ್ಚೀರೇನ?”

“ಹೌದ್ರಿ.”

“ಬ್ಯಾರೆ ಕಲ್ಲ ಸಿಗಲಿಲ್ಲೇನ ನಿನಗ?” ಫೋಟೋ ಹಿಂದಕ್ಕೆ ಕೊಟ್ಟ. “ನನಗೇನೂ ಗೊತ್ತಿಲ್ಲ. ಹೋಗವ್ವಾ.”

ಅವಳು ತನ್ನ ಫೋನ್ ನಂಬರು ಬರೆದ ಚೀಟಿಯನ್ನು ಕಟ್ಟೆಯ ಮೇಲಿಟ್ಟು, ಹಾರದಂತೆ ಮೇಲೊಂದು ಹರಳು ಇಟ್ಟು ಬಂದಳು.

ನಾಲ್ಕು ದಿನದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. “ಮುರಗೆಪ್ಪ ಮಾತಾಡೂದು. ನಾಳೆ ಬಾ. ಒಬ್ಬಾಕಿನ ಬಾ.”

ಒಬ್ಬಳೇ ಬಾ ಎಂದದ್ದು ಸಪನಾಳಿಗೆ ಸರಿ ಅನಿಸಲಿಲ್ಲ. ರಾವಸಾಹೇಬರೇ ಹೇಳಿಸಿದ್ದರೆ? ಅಪ್ಪನಿಗೆ ಹೇಳಿದರೆ ಹೋಗಗೊಡುತ್ತಿರಲಿಲ್ಲ. ನಿಲೇಶನಿಗೆ ಹೇಳಿದಳು. ಇನ್ನೂ ಮುನಿಸಿನಲ್ಲಿದ್ದರೂ ಅವನು ಬೆಳಿಗ್ಗೆಯ ಬಸ್ಸಿಗೆ ಬಂದ, ರಾಯಬಾಗದ ಚಹಾದಂಗಡಿಯಲ್ಲಿ ಕೂತ. ಒಂದು ತಾಸಿನೊಳಗೆ ಬರದಿದ್ದರೆ ಹುಡುಕಿಕೊಂಡು ಬಾ ಎಂದು ಹೇಳಿ ಅವಳು ಹೋದಳು.

ಮುರಗೆಪ್ಪ ಅದೇ ಕಟ್ಟೆಯ ಮೇಲಿದ್ದ. ಕೂರು ಎಂದೂ ಹೇಳದೆ ಶುರು ಮಾಡಿದ.

“ಎಂಬತ್ತೊಂದನೇ ಇಸವಿ. ನಾವ ಆರ ಮಂದಿ. ಕೆಂಪ ಮಣ್ಣಿನ ಮಟಾ ತೋಡಿದ್ವಿ, ಆಗ ಬಾಂವಿ ತಳಾ ಅಷ್ಟ ಇತ್ತು. ಮಿರಗದ ಮಳಿ ಹಿಡೀತು. ಆ ಮಣ್ಣ ನೀರ ಕುಡದ್ರ ಸಾಬಾಣ ಆದಂಗ ಆಗತೈತಿ. ನಾ ಧನಪಾಲ ಸಾವಕಾರ್ರಿಗೆ ಹೇಳಿದೆ, ಎಂಟ ದಿನಾ ಬಿಡೂನ್ರಿ ಅಂತ. ಇನ್ನ ಎರಡ ದಿನಾ ಹಾಕ್ರಿ, ನೀರ ಬರತೈತಿ ಅಂದ್ರು. ನಮ್ಮೊಳಗಿನ ಭೀಮಸಿ ಗ್ವಾಡಿ ಬುಡಕ ಕುಂತ ಕಬ್ಬಿಣದ ಹಾರಿ ಹಾಕಾಕತ್ತಿದ್ದ. ಮ್ಯಾಲಿನ ಕಲ್ಲ ಜಾರಿ ಅವನ ಮ್ಯಾಲ ಬಂತು.”

ಅವನು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದ.

“ಒದರಲೂ ಇಲ್ಲ. ಹಾರಿ ಹಾಕಿ ಕಲ್ಲ ಸರಿಸಿದ್ವಿ. ಹೋಗಿಬಿಟ್ಟಿದ್ದ. ಸಾವಕಾರ್ರ ಕೆಳಗ ಇಳದ ಬಂದ್ರು. ಪೊಲೀಸರ ಬಂದ್ರ ಬಾಂವಿ ನಿಂತಹೋಗತೈತಿ, ನಿಮ್ಮೆಲ್ಲಾರ್ನೂ ಒಯ್ತಾರ ಅಂದ್ರು. ಕಲ್ಲ ತಿರುಗಿ ಅದರ ಜಾಗಾಕ್ಕ ನೂಕ್ರಿ ಅಂದ್ರು. ಕಲ್ಲಿನ ಮಾರಿ ತುಂಬ ರಕ್ತ ಹತ್ತಿತ್ತು. ಅದು ಕಾಣಬಾರದಂತ ಹೊಳ್ಳಿಸಿ, ರಕ್ತದ ಮಾರಿ ಒಳಗ ಮಾಡಿ ನೂಕಿದ್ವಿ. ಸಂದಿಗೆ ಅದ ಕೆಂಪ ಮಣ್ಣ ಮೆತ್ತಿದ್ವಿ. ಮುಂದಿನ ವರ್ಷ ಒಂದ ಅಂಚ ಬಿಟ್ಟ ಕೆಳಗ ತೋಡಿದ್ವಿ.”

“ಮನಿಯವರಿಗೆ ಏನ ಹೇಳಿದ್ರಿ?”

“ಕುಡದ ದಂಡಿ ಮ್ಯಾಲಿಂದ ಬಿದ್ದಾನಂತ.” ಅವನು ತನ್ನ ಅಂಗೈ ನೋಡಿಕೊಂಡ. “ಅವನ ಅಂಗಿ ಮ್ಯಾಲ ಸೆರೆ ಸುರವಿದಾಂವ ನಾನ. ಜೀವನದಾಗ ಒಂದ ಹನಿ ಕುಡದಾಂವಲ್ಲ ಅಂವ.”

ಸಪನಾ ಏನೂ ಬರೆದುಕೊಳ್ಳಲಿಲ್ಲ. ತಾನು ಕೊರೆದ ತೂತುಗಳ ಹಿಂದೆ, ಒಂದು ಮೊಳದ ಆಚೆ ಏನಿತ್ತು ಎಂದು ಈಗ ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಹೇಳದವನು ನನಗೇಕೆ ಹೇಳಿದೆ ಎಂದು ಕೇಳಿದಳು.

“ನೀ ಕಲ್ಲ ಹೊಳ್ಳಿದ್ದ ಕಂಡ ಹಿಡದಿ. ಇನ್ನ ಉಳದದ್ದೂ ಹಿಡೀತಿ. ಅದಕಿಂತ ನಾನ ಹೇಳೂದ ಛಲೋ ಅನಸ್ತು.”

ಇನಾಮದಾರ ಸರ್ ಮುಂದೆ ಅವಳು ಹೆಸರುಗಳನ್ನು ಬಿಟ್ಟು ಮಿಕ್ಕದ್ದು ಹೇಳಿದಳು. ಗೋಡೆ ಕುಸಿದಿತ್ತು, ಕಲ್ಲನ್ನು ಹೊರಳಿಸಿ ಕೂರಿಸಿದ್ದಾರೆ, ಆ ನಾಲ್ಕು ತುಂಡು ಕೆಲಸಕ್ಕೆ ಬಾರವು.

“ಯಾರು ಹೇಳಿದ್ರು? ಬರೆದು ಕೊಡ್ತಾರೇನು?”

“ಕೊಡೂದಿಲ್ರಿ ಸರ್.”

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ನಿಲೇಶನ ತಪ್ಪು ಮುಚ್ಚಾಕ ನೀವಿಬ್ಬರೂ ಸೇರಿ ಕತಿ ಕಟ್ಟೀರಿ ಅಂತ ನಾ ಯಾಕ ತಿಳೀಬಾರದು?”

“ಕತಿ ಕಟ್ಟೂದಿದ್ರ ಆ ನಾಲ್ಕು ತುಂಡು ಉಳಿಸಿಕೊಳ್ಳಾಕ ಕಟ್ತಿದ್ದೆ ಸರ್. ಅವು ಹೋದ್ರ ನನ್ನ ಮೂರು ವರ್ಷದ ಕೆಲಸದಾಗ ಅರ್ಧ ಹೋಗತೈತಿ.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಎರಡು ಹೊಸದಾಗಿ ಕೊರೆದು ತಾ, ಆಗ ನೋಡೋಣ ಎಂದರು. ಅವರ ದನಿಯಲ್ಲಿ ಇನ್ನೂ ನಂಬಿಕೆ ಇರಲಿಲ್ಲ.

ಬಾವಿಗೆ ಇಳಿಯಬೇಕಾದರೆ ರಾವಸಾಹೇಬರ ಮುಂದೆ ಮತ್ತೆ ನಿಲ್ಲಬೇಕಿತ್ತು. ನೀನು ಹೇಳಿದ್ದನ್ನು ಅವರಿಗೆ ಹೇಳಲೇ ಎಂದು ಸಪನಾ ಮೊದಲು ಮುರಗೆಪ್ಪನನ್ನು ಕೇಳಿ ಒಪ್ಪಿಸಿಕೊಂಡಳು. ಆಮೇಲೆ ಹೋಗಿ, ಸುತ್ತಿ ಬಳಸದೆ, ಕೇಳಿದ್ದನ್ನೆಲ್ಲ ಹೇಳಿದಳು. ಸುಗಂಧಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ರಾವಸಾಹೇಬರು ನಡುವೆ ಒಮ್ಮೆಯೂ ತಡೆಯಲಿಲ್ಲ.

“ನಾ ಆಗ ಸಾಂಗ್ಲಿಯೊಳಗ ಓದಾಕತ್ತಿದ್ದೆ,” ಎಂದರು ಕೊನೆಗೆ. “ಊರಿಗೆ ಬಂದಾಗ ಅಪ್ಪಾಜಿ ಮಾತ ಕಮ್ಮಿ ಮಾಡಿದ್ರು. ಏನೋ ಆಗೇತಿ ಅಂತ ಗೊತ್ತಿತ್ತು. ಕೇಳಾಕ ಧೈರ್ಯ ಸಾಲಲಿಲ್ಲ.” ಮತ್ತೆ ಅವರ ಮುಖ ಗಟ್ಟಿಯಾಯಿತು. “ಈಗ ಇದನ್ನ ಪೇಪರಿಗೆ ಕೊಡ್ತೀರೇನ? ನಿಮಗೇನ ಬೇಕು?”

“ನಾಲ್ಕ ತೂತ ಬೇಕ್ರಿ. ಪೂರ್ವಕ್ಕ ಎರಡ, ಪಶ್ಚಿಮಕ್ಕ ಎರಡ.”

“ಅಷ್ಟ?”

“ನನ್ನ ಕೆಲಸಕ್ಕ ಅಷ್ಟರಿ. ಭೀಮಸಿ ಅವರ ಮನಿಯವರಿಗೆ ಖರೇ ಗೊತ್ತಾಗಬೇಕಂತ ನನಗ ಅನಸತೈತಿ. ಆದ್ರ ಅದನ್ನ ಹೇಳಬೇಕಾದವರು ನೀವು.”

ಅವರು ಎದ್ದು ಒಳಗೆ ಹೋದರು. ಮಾರನೆಯ ದಿನ ಬಾವಿಗೆ ಇಳಿಯಲು ಬಿಟ್ಟರು. ನಿಲೇಶ ಹಗ್ಗಕ್ಕೆ ನೇತುಬಿದ್ದು ಕೊರೆದ, ಸಪನಾ ಗೆರೆ ಹಾಕಿದಳು. ರಾವಸಾಹೇಬರು ದಂಡೆಗೆ ಬರಲೇ ಇಲ್ಲ.

ಹೊಸ ನಾಲ್ಕೂ ದಕ್ಷಿಣ ಎಂದವು. ಇನಾಮದಾರ ಸರ್ ಆ ಕಾಗದವನ್ನು ಮೂರು ಸಲ ತಿರುವಿ ನೋಡಿದರು. ಸಮ್ಮೇಳನಕ್ಕೆ ಕಳಿಸಿದ ಸಾರಾಂಶವನ್ನು ಹಿಂದಕ್ಕೆ ತೆಗೆದುಕೊಂಡರು. ನಿಲೇಶನನ್ನು ಕರೆದು ಮುಂದಿನ ಕ್ಷೇತ್ರಕಾರ್ಯದಲ್ಲಿ ಗೆರೆ ಹಾಕುವ ಕೆಲಸ ನಿನ್ನದೇ ಎಂದರು. ಅವರ ಮಟ್ಟಿಗೆ ಅದೇ ಕ್ಷಮೆ ಕೇಳಿದ ಹಾಗೆ. ಮಣ್ಣಿನ ವಯಸ್ಸು ಚಳಿಗಾಲದಲ್ಲಿ ಬಂತು, ಆರು ಕೋಟಿ ಅರವತ್ತು ಲಕ್ಷ ವರ್ಷದ ಆಸುಪಾಸು. ಆಚೀಚೆಯ ತಪ್ಪು ನಲವತ್ತು ಸಾವಿರ ವರ್ಷ. ಕಾಂತಬಲ ತಿರುಗಿದ್ದು ಅದಾದ ಮೇಲೆ ಎಂದಷ್ಟೇ ಈಗ ಹೇಳಬಹುದಿತ್ತು. ಸಣ್ಣ ಮಾತು, ಆದರೆ ಗಟ್ಟಿ ಮಾತು. ಸಪನಾಳ ಪ್ರಬಂಧದಲ್ಲಿ ಉತ್ತರ ಗೋಡೆಯ ಬಗ್ಗೆ ಒಂದೇ ಸಾಲಿತ್ತು: ಈ ಕಲ್ಲು ಮೂಲ ಸ್ಥಿತಿಯಲ್ಲಿಲ್ಲ.

ಇದರ ನಡುವೆ, ದಸರೆ ಕಳೆದ ಮೇಲೆ ಮುರಗೆಪ್ಪ ಮತ್ತೆ ಫೋನು ಮಾಡಿದ್ದ. ಭೀಮಸಿಯ ಹೆಂಡತಿ ದುಂಡವ್ವ ಮುಗಳಖೋಡದಲ್ಲಿ ಮಗನ ಜೊತೆ ಇದ್ದಳು. ಅಲ್ಲಿಗೆ ಹೋಗಬೇಕು, ಒಬ್ಬನೇ ಹೋದರೆ ಬಾಗಿಲಿಂದಲೇ ತಿರುಗಿ ಬಂದುಬಿಡುತ್ತೇನೆ, ನೀನೂ ಬಾ ಎಂದ. ಸಪನಾ ಹೋದಳು.

ದುಂಡವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಮುರಗೆಪ್ಪನ ಗುರುತು ಹಿಡಿದಳು. ಸಪನಾಳ ಕೈಲಿದ್ದ ಕಾಗದಪತ್ರದ ಚೀಲದ ಮೇಲೆ ಅವಳ ಕಣ್ಣು ನಿಂತಿತು.

“ಇಷ್ಟ ವರ್ಷ ಆದಮ್ಯಾಲ ನಿಮ್ಮನ್ನ ಯಾರ ಕಳಿಸ್ಯಾರ? ಹೆಬ್ಬಟ್ಟ ಒತ್ತಸ್ಕೊಳ್ಳಾಕ ಬಂದೀರೇನ?”

“ಯಾರೂ ಕಳಿಸಿಲ್ಲ ದುಂಡವ್ವಾ,” ಎಂದ ಮುರಗೆಪ್ಪ. ನೆಲದ ಮೇಲೆ ಕೂತು ಹೇಳಿದ. ರಾಯಬಾಗದಲ್ಲಿ ಹೇಳಿದಷ್ಟು ಸರಾಗವಾಗಿ ಈ ಸಲ ಬರಲಿಲ್ಲ. ಅಂಗಿಯ ಮೇಲೆ ಸಾರಾಯಿ ಸುರಿದ ಮಾತನ್ನು ಎರಡು ಸಲ ಶುರು ಮಾಡಿ ಮುಗಿಸಿದ.

ದುಂಡವ್ವನ ಕೈ ಶೇಂಗಾ ಸುಲಿಯುವುದನ್ನು ಬಿಡಲಿಲ್ಲ. “ನಾ ಅವನ ಬಾಯಿ ಮೂಸಿ ನೋಡಿದ್ದೆ ಮುರಗ್ಯಾ,” ಎಂದಳು. “ಅಂಗಿ ನಾರತಿತ್ತು, ಬಾಯಿ ನಾರತಿರಲಿಲ್ಲ. ಅವತ್ತಿಂದ ನನಗ ಗೊತ್ತು.”

“ಗೊತ್ತಿದ್ರ ಯಾಕ ಕೇಳಲಿಲ್ಲಬೇ?”

“ಕೇಳಿದ್ರ ಹೇಳ್ತಿದ್ದೇನ ನೀ?”

ಮುರಗೆಪ್ಪ ನೆಲದ ಮೇಲಿನ ಸಿಪ್ಪೆ ಒಂದೆಡೆ ಕೂಡಿಸತೊಡಗಿದ. ಅವಳು ಸಪನಾಳ ಕಡೆ ತಿರುಗಿದಳು. “ಇವರೆಲ್ಲಾರ ಮ್ಯಾಲೂ ನನಗ ಸಂಶೆ ಇತ್ತು. ಇವನ ಮ್ಯಾಲ, ಸಾವಕಾರನ ಮ್ಯಾಲ, ಉಳದ ನಾಲ್ಕ ಮಂದಿ ಮ್ಯಾಲ. ಯಾರಾರ ಕೊಂದ್ರೋ ಅಂತನೂ ಅಂದಕೊಂಡೀನಿ. ನನಗ ಹೇಳಬ್ಯಾಡ್ರಿ ಇದನ್ನ. ನನ್ನ ಮಗಾ ಸಮಾಧಾನಗ ಹೇಳ್ರಿ. ಸಣ್ಣಾಂವ ಇದ್ದಾಗಿಂದ ಕುಡುಕನ ಮಗಾ ಅನ್ನಿಸ್ಕೊಂಡಾಂವ ಅಂವ.”

ಸಮಾಧಾನ ಶಾಲೆಯೊಂದರಲ್ಲಿ ಜವಾನ. ಅಪ್ಪ ಸತ್ತಾಗ ಅವನಿಗೆ ನಾಲ್ಕು ವರ್ಷ. ಸಂಜೆ ಮನೆಗೆ ಬಂದು, ಕೈಕಾಲು ತೊಳೆಯದೆ ನಿಂತೇ ಕೇಳಿಸಿಕೊಂಡ. ಒಂದೇ ಮಾತು ಕೇಳಿದ. “ಸಾವಕಾರನ ಮಗಾ ಇದನ್ನ ತನ್ನ ಬಾಯಿಲೆ ಹೇಳ್ತಾನೇನ?”

ಆ ಪ್ರಶ್ನೆಯನ್ನು ಸಪನಾ ಫೋನಿನಲ್ಲಿ ರಾವಸಾಹೇಬರಿಗೆ ಮುಟ್ಟಿಸಿದಳು. ಆಚೆ ಕಡೆಯಿಂದ ಫೋನು ಕಟ್ಟಾಯಿತು. ಎರಡು ತಿಂಗಳು ಏನೂ ಆಗಲಿಲ್ಲ. ಅವರು ವಕೀಲರನ್ನು ಕಂಡಿದ್ದಾರೆ ಎಂದು ಒಬ್ಬರು ಹೇಳಿದರು, ಬಾವಿ ಮುಚ್ಚಿಸುತ್ತಾರೆ ಎಂದು ಇನ್ನೊಬ್ಬರು. ಸಪನಾ ಎರಡನ್ನೂ ನಂಬಿದಳು.

ಜನವರಿಯಲ್ಲಿ, ಸಂಕ್ರಾಂತಿ ಆದ ಮೇಲೆ, ರಾವಸಾಹೇಬರು ಸುಗಂಧಾಳನ್ನು ಕರೆದುಕೊಂಡು ಮುಗಳಖೋಡಕ್ಕೆ ಬಂದರು. ಮುರಗೆಪ್ಪನಿಗೂ ಸಪನಾಳಿಗೂ ಹೇಳಿಕಳಿಸಿದ್ದರು. ಓಣಿಯ ಹತ್ತು ಹನ್ನೆರಡು ಜನ ಏನೆಂದು ನೋಡಲು ಬಂದು ನಿಂತರು. ರಾವಸಾಹೇಬರು ಟೋಪಿ ತೆಗೆದು ಕೈಲಿ ಹಿಡಿದುಕೊಂಡು ಹೇಳಿದರು. ಭೀಮಸಿ ಕುಡಿದು ಬಿದ್ದವನಲ್ಲ. ತಮ್ಮ ತಂದೆ ಮಳೆಯಲ್ಲಿ ಕೆಲಸ ನಿಲ್ಲಿಸಲಿಲ್ಲ. ಆದದ್ದನ್ನು ಮುಚ್ಚಿದರು. ಸುಳ್ಳನ್ನು ಅವನ ಮೇಲೆ ಹಾಕಿದರು. ಏನನ್ನೂ ಬಿಡಲಿಲ್ಲ.

ಸಮಾಧಾನ ಒಳಗೆ ಹೋಗಿ ಒಂದು ನೋಟುಬುಕ್ಕು, ಪೆನ್ನು ತಂದ.

“ಬರದ ಕೊಡ್ರಿ. ನಾಳೆ ಮತ್ತೊಂದ ಹೇಳ್ತೀರಿ.”

ರಾವಸಾಹೇಬರು ಕಟ್ಟೆಯ ಮೇಲೆ ಕೂತು ಬರೆದು ಸಹಿ ಹಾಕಿದರು. ಮುರಗೆಪ್ಪ ಹೆಬ್ಬೆಟ್ಟು ಒತ್ತಿದ. ಸಮಾಧಾನ ನಿಧಾನಕ್ಕೆ, ಎರಡು ಸಲ ಓದಿದ.

“ತಾರೀಖ ಇಲ್ಲ ಇದರಾಗ. ಯಾವತ್ತ ಸತ್ತಾನಂತ ಹಾಕ್ರಿ.”

ರಾವಸಾಹೇಬರು ಮುರಗೆಪ್ಪನ ಮುಖ ನೋಡಿದರು. ಮಿರಗದ ಮಳೆಯಲ್ಲಿ ಅಂತಷ್ಟೇ ಗೊತ್ತು ಎಂದ ಅವನು. ಹೊಸ್ತಿಲಲ್ಲಿ ಕೂತ ದುಂಡವ್ವ, “ಕಾರಹುಣ್ಣಿವಿ ಆದ ಮೂರನೇ ದಿನ. ಶನಿವಾರ. ಹೊತ್ತ ಮಾರ ಏರಿತ್ತು,” ಎಂದಳು.

ಸಪನಾ ಫೋನಿನಲ್ಲಿ ಹಳೆಯ ಪಂಚಾಂಗ ಹುಡುಕಿ ತಾಳೆ ನೋಡಿದಳು. ಸರಿ ಇತ್ತು. ಜೂನ್ ಇಪ್ಪತ್ತು. ರಾವಸಾಹೇಬರು ಹಾಗೇ ಬರೆದರು. ಸಮಾಧಾನ ಹಾಳೆಯನ್ನು ಹರಿದು, ಮಡಚಿ, ಅವ್ವನ ಕೈಗೆ ಕೊಟ್ಟ. ಅವಳು ಅದನ್ನು ಬಿಚ್ಚಿ ನೋಡಲಿಲ್ಲ. ಸೀರೆಯ ಸೆರಗಿಗೆ ಕಟ್ಟಿಕೊಂಡು, ಬಂದವರಿಗೆ ಚಹಾ ಮಾಡಲು ಸೊಸೆಗೆ ಹೇಳಿದಳು.